ನಾಣ್ಯದ ರಾಜ ನೆಲ್ಸನ್ ಡೌನ್ಸ್: ರೈಲ್ವೆ ನೌಕರನ ಕೈಚಳಕ ಲಂಡನ್ ಮುಟ್ಟಿದ ಕಥೆ

ಕುರುಡುಮಲೆ: ಇಲ್ಲಿನ ಹದಿಮೂರೂವರೆ ಅಡಿ ಎತ್ತರದ ಏಕಶಿಲಾ ಗಣಪನ ದರ್ಶನಕ್ಕೆ ಬಂದವರು ಹಾಗೇ ಸೋಮೇಶ್ವರ ದೇವಸ್ಥಾನಕ್ಕೂ ಹೋಗಿ ಬರ್ತಾರೆ. ಅಲ್ಲಿನ ಕೆತ್ತನೆಯಲ್ಲಿ ಒಂದು ಭಾಗ ಜಕಣಾಚಾರಿಯದು, ಇನ್ನೊಂದು ಭಾಗ ಮಗ ಡಂಕಣನದು ಅನ್ನೋದು ಊರಿನ ಐತಿಹ್ಯ. ಕಲ್ಲಿನ ಮೇಲೆ ಮಾಡಿದ ಕೈಕೆಲಸಕ್ಕೆ ಒಂದು ಅನುಕೂಲವಿದೆ. ಕೈ ಹೋದ ಮೇಲೂ ಕೆಲಸ ನಿಲ್ಲುತ್ತದೆ, ಹೆಸರೂ ನಿಲ್ಲುತ್ತದೆ.

ಜಾತ್ರೆ, ಸಂತೆಗಳಲ್ಲಿ ಟವೆಲ್ ಹಾಸಿ ಕೂತು ನಾಣ್ಯ ಮಾಯ ಮಾಡುತ್ತಿದ್ದ ಗಾರುಡಿಗನಿಗೆ ಆ ಅನುಕೂಲ ಇಲ್ಲ. ಎಷ್ಟು ವರ್ಷ ಕಷ್ಟಪಟ್ಟು ಕಲಿತರೂ ಅವನ ವಿದ್ಯೆ ಅವನ ಕೈಯ ಜೊತೆಗೇ ಮುಗಿಯುತ್ತದೆ. ಹುಡುಗನ ಮೂಗಿನಿಂದ ರೂಪಾಯಿ ಉದುರಿಸಿದ ಆ ಕೈಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇಂಥದೇ ವಿದ್ಯೆಯನ್ನು ಕಲಿತು, ಅದರಿಂದಲೇ ದುಡಿದು, ಕೊನೆಗೆ ಅದನ್ನು ಪುಸ್ತಕಕ್ಕೂ ಇಳಿಸಿ ಹೋದ ಒಬ್ಬರಿದ್ದರು. ಊರು ದೂರದ್ದು, ಅಮೆರಿಕ. ಹೆಸರು ಥಾಮಸ್ ನೆಲ್ಸನ್ ಡೌನ್ಸ್. ಜನ ಕರೆದದ್ದು ನಾಣ್ಯದ ರಾಜ ಅಂತ. ಇವತ್ತು ಎಲ್ಲೇ ಯಾರೇ ನಾಣ್ಯದ ಜಾದೂ ಕಲಿಯಲು ಕೂತರೂ ಒಂದಲ್ಲ ಒಂದು ಕಡೆ ಡೌನ್ಸ್ ಹೆಸರು ಎದುರಾಗುತ್ತದೆ.

ರೈಲು ಬರೋ ತನಕ ಅಭ್ಯಾಸ

ಡೌನ್ಸ್ ಹುಟ್ಟಿದ್ದು 1867ರ ಮಾರ್ಚ್‌ನಲ್ಲಿ, ಅಮೆರಿಕದ ನಡುಮಧ್ಯದ ಅಯೋವಾ ರಾಜ್ಯದಲ್ಲಿ. ಅದು ಜೋಳ ಬೆಳೆಯೋ ಸೀಮೆ. ದೊಡ್ಡ ನಗರ, ನಾಟಕಶಾಲೆ ಎಲ್ಲವೂ ದೂರ. ಹತ್ತಿರದ ಪಟ್ಟಣ ಮಾರ್ಷಲ್‌ಟೌನ್, ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರ ಇದ್ದ ಹಾಗೆ.

ಹದಿಹರೆಯದಲ್ಲೇ ಹುಡುಗ ರೈಲ್ವೆ ಕೆಲಸಕ್ಕೆ ಸೇರಿಕೊಂಡ. ಟೆಲಿಗ್ರಾಫ್ ಆಪರೇಟರ್ ಹುದ್ದೆ. ತಂತಿಯಲ್ಲಿ ಬರುವ ಕಟಕಟ ಸದ್ದನ್ನು ಕೇಳಿ ಬರೆದುಕೊಳ್ಳಬೇಕು, ತಿರುಗಿ ಬೆರಳಿನಲ್ಲಿ ಕುಟ್ಟಿ ಸುದ್ದಿ ಕಳಿಸಬೇಕು. ಶ್ರೀನಿವಾಸಪುರದಂಥ ಸ್ಟೇಷನ್ ನೋಡಿದವರಿಗೆ ಗೊತ್ತು, ಒಂದು ರೈಲು ಹೋದ ಮೇಲೆ ಇನ್ನೊಂದು ಬರುವ ತನಕ ಅಲ್ಲಿ ಕೆಲಸ ಕಡಿಮೆ, ಕಾಯೋದು ಜಾಸ್ತಿ. ಆ ಕಾಯುವ ಹೊತ್ತನ್ನು ಡೌನ್ಸ್ ನಾಣ್ಯಕ್ಕೆ ಕೊಟ್ಟರು.

ಗುರು ಇರಲಿಲ್ಲ. ಇಂಗ್ಲಿಷಿನಲ್ಲಿ ಜಾದೂ ಕಲಿಸುವ ದೊಡ್ಡ ಪುಸ್ತಕ, ಪ್ರೊಫೆಸರ್ ಹಾಫ್‌ಮನ್ ಅವರ ಮಾಡರ್ನ್ ಮ್ಯಾಜಿಕ್, 1876ರಲ್ಲೇ ಬಂದಿತ್ತು. ಆದರೆ ಪುಸ್ತಕ ದಾರಿ ತೋರಿಸಬಹುದು, ಬೆರಳು ಮಡಚಿ ಕೊಡೋಕಾಗಲ್ಲ. ಅದನ್ನು ಅವರವರೇ ಮಾಡಬೇಕು.

ಕೈಗೆ ಸಿಕ್ಕ ಸಾಮಾನು ಅರ್ಧ ಡಾಲರ್ ನಾಣ್ಯ. ಬೆಳ್ಳಿಯದು. ತೂಕ 12.5 ಗ್ರಾಂ, ಅಗಲ 30.6 ಮಿಲಿಮೀಟರ್. ನಮ್ಮ ತಾತಂದಿರ ಕಾಲದ ಬ್ರಿಟಿಷ್ ಬೆಳ್ಳಿ ರೂಪಾಯಿ ನೆನಪಿರುವವರು ಹೋಲಿಸಿ ನೋಡಬಹುದು. ಅದರ ತೂಕ 11.66 ಗ್ರಾಂ, ಅಗಲ ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ಅಯೋವಾದ ಸ್ಟೇಷನ್ನಲ್ಲಿ ಡೌನ್ಸ್ ತಿರುಗಿಸುತ್ತಿದ್ದ ನಾಣ್ಯಕ್ಕೂ, ಅದೇ ಕಾಲದಲ್ಲಿ ಕೋಲಾರದ ಸಂತೆಯಲ್ಲಿ ಕೈ ಬದಲಾಗುತ್ತಿದ್ದ ರೂಪಾಯಿಗೂ ಗಾತ್ರದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ.

ಒಂದು ನಾಣ್ಯ ಬಚ್ಚಿಡಲು ಎಷ್ಟು ದಿನ?

ನಾಣ್ಯದ ಜಾದೂಗೆ ಬುನಾದಿ ಒಂದೇ. ಖಾಲಿ ಅಂತ ಕಾಣುವ ಕೈಯಲ್ಲಿ ನಾಣ್ಯ ಇರಬೇಕು. ಹೇಳಿದಷ್ಟು ಸುಲಭವಲ್ಲ.

ಮೊದಲ ಪಾಠ ಅಂಗೈ ಹಿಡಿತ. ಹೆಬ್ಬೆರಳ ಬುಡದ ದಿಂಡು ಒಂದು ಕಡೆ, ಕಿರುಬೆರಳ ಕೆಳಗಿನ ದಿಂಡು ಇನ್ನೊಂದು ಕಡೆ. ಈ ಎರಡರ ನಡುವೆ ನಾಣ್ಯದ ಅಂಚು ಸಿಕ್ಕಿಕೊಳ್ಳಬೇಕು. ಒತ್ತಿ ಹಿಡಿದರೆ ಕೈ ಬಿಗಿದುಕೊಂಡು ಗುಟ್ಟು ರಟ್ಟಾಗುತ್ತದೆ. ಸಡಿಲ ಬಿಟ್ಟರೆ ನಾಣ್ಯ ನೆಲಕ್ಕೆ. ಎರಡರ ಮಧ್ಯದ ಹದ ಸಿಗಲು ತಿಂಗಳುಗಳೇ ಬೇಕು. ಕಲಿಯುವವರು ನಾಣ್ಯವನ್ನು ಅಂಗೈಯಲ್ಲಿ ಅಡಗಿಸಿಕೊಂಡೇ ಬರೆಯೋದು, ಬಾಗಿಲು ತೆಗೆಯೋದು, ಲೋಟ ಎತ್ತೋದು, ಹೀಗೆ ದಿನದ ಕೆಲಸವೆಲ್ಲ ಮಾಡಿ ರೂಢಿ ಮಾಡಿಕೊಳ್ತಾರೆ. ಕೈಯಲ್ಲಿ ನಾಣ್ಯ ಇದೆ ಅನ್ನೋದು ಅವರಿಗೇ ಮರೆತು ಹೋಗಬೇಕು. ಆಗ ನೋಡುವವರಿಗೂ ಅನುಮಾನ ಬರಲ್ಲ.

ಎರಡನೆಯದು ಬೆರಳ ಹಿಡಿತ. ಮಡಚಿದ ಬೆರಳುಗಳ ಬುಡದಲ್ಲಿ ನಾಣ್ಯ ಮಲಗಿರುತ್ತದೆ. ಕೈ ಪಕ್ಕಕ್ಕೆ ಸುಮ್ಮನೆ ಇಳಿಬಿಟ್ಟ ಹಾಗೆ ಕಾಣುತ್ತದೆ. ಮೂರನೆಯದು ಹೆಬ್ಬೆರಳ ಸಂದಿಯ ಹಿಡಿತ. ಇದರಲ್ಲೇ ಒಂದು ಬಗೆಯಲ್ಲಿ ನಾಣ್ಯ ಅಂಚಿನ ಮೇಲೆ ನಿಂತಿರುತ್ತದೆ, ಎದುರಿನವರಿಗೆ ಬೆರಳು ಪೂರಾ ಬಿಚ್ಚಿ ತೋರಿಸಿದರೂ ಕಾಣಲ್ಲ. ಈ ಹಿಡಿತಕ್ಕೆ ಜಾದೂಗಾರರ ನಡುವೆ ಇವತ್ತಿಗೂ ಡೌನ್ಸ್ ಹೆಸರೇ ಇದೆ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ಅಂಗೈ ತೋರಿಸುವಾಗ ನಾಣ್ಯ ಬೆರಳುಗಳ ಹಿಂದೆ ಇರುತ್ತದೆ. ಕೈ ತಿರುಗಿಸುವ ಗಳಿಗೆಯಲ್ಲಿ ಬೆರಳ ಸಂದಿಯಿಂದ ಮುಂದಕ್ಕೆ ಜಾರುತ್ತದೆ. ಇಸ್ಪೀಟು ಎಲೆಯಲ್ಲಿ ಇದನ್ನು ಮಾಡುವವರಿದ್ದರು. ನಾಣ್ಯ ಚಿಕ್ಕದು, ಭಾರ, ಜಾರುತ್ತದೆ. ಅದರಲ್ಲೂ ಒಂದಲ್ಲ, ಹಲವು ನಾಣ್ಯ ಒಟ್ಟಿಗೆ ಹೀಗೆ ಹಿಂದೆ ಮುಂದೆ ಆಡಿಸಿದ್ದು ಡೌನ್ಸ್ ಸಾಧನೆ.

ಗಾಳಿಯಿಂದ ದುಡ್ಡು

1895ರಲ್ಲಿ ಡೌನ್ಸ್ ರೈಲ್ವೆ ಬಿಟ್ಟರು. ಸಂಬಳದ ಕೆಲಸ ಬಿಟ್ಟು ನಾಣ್ಯ ತಿರುಗಿಸಿ ಬದುಕುತ್ತೇನೆ ಅಂತ ಹೊರಡೋದು ಯಾವ ಕಾಲದಲ್ಲೂ ಮನೆಯವರು ಒಪ್ಪುವ ಮಾತಲ್ಲ. ವಯಸ್ಸು 28.

ಆಗ ಅಮೆರಿಕದಲ್ಲಿ ವಾಡೆವಿಲ್ ಅನ್ನುವ ರಂಗಪ್ರದರ್ಶನ ಜೋರಾಗಿತ್ತು. ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಹಾಸ್ಯ, ಕಸರತ್ತು ಎಲ್ಲ ಒಂದಾದ ಮೇಲೊಂದು. ಪ್ರತಿಯೊಬ್ಬರಿಗೂ ಸಿಗೋದು ಕೆಲವೇ ನಿಮಿಷ. ಪೆಟ್ಟಿಗೆ, ಪರದೆ, ಸಹಾಯಕರು ಅಂತ ಲಾರಿಗಟ್ಟಲೆ ಸಾಮಾನು ಹೊರುವ ದೊಡ್ಡ ಜಾದೂಗಾರರಿಗೆ ಇದು ಕಷ್ಟ. ಒಂದೇ ವಿದ್ಯೆಯಲ್ಲಿ ಪಳಗಿದವರಿಗೆ ಅನುಕೂಲ. ಮುಂದೆ ಬೇಡಿ ಬಿಚ್ಚುವುದರಲ್ಲಿ ಲೋಕಪ್ರಸಿದ್ಧರಾದ ಹ್ಯಾರಿ ಹೌಡಿನಿ ಕೂಡ ಶುರುವಿನಲ್ಲಿ ಇಸ್ಪೀಟಿನ ರಾಜ ಅಂತ ಹೇಳಿಕೊಂಡು ಓಡಾಡುತ್ತಿದ್ದರು. ಇಬ್ಬರೂ ಸ್ನೇಹಿತರು. ಡೌನ್ಸ್ ಆರಿಸಿಕೊಂಡದ್ದು ನಾಣ್ಯ.

ಇವರ ಮುಖ್ಯ ಆಟಕ್ಕೆ ಜಿಪುಣನ ಕನಸು ಅಂತ ಹೆಸರು. ಒಂದು ಟೋಪಿ, ಎರಡು ಖಾಲಿ ಕೈ. ಗಾಳಿಯಲ್ಲಿ ಕೈ ಹಾಕಿ ಒಂದು ನಾಣ್ಯ ಕಿತ್ತು ಟೋಪಿಗೆ ಹಾಕ್ತಾರೆ, ಠಣ್ ಅಂತ ಸದ್ದು. ಮೊಣಕೈಯಿಂದ ಇನ್ನೊಂದು, ಮೊಣಕಾಲಿನಿಂದ ಮತ್ತೊಂದು. ಟೋಪಿ ತುಂಬುತ್ತಾ ಹೋಗುತ್ತದೆ. ಆಟದ ಮೂಲ ಡೌನ್ಸ್ ಅವರದಲ್ಲ. ಫ್ರಾನ್ಸಿನ ರಾಬರ್ಟ್ ಹೂಡಿನ್ ಮೊದಲಾದವರು ಅದನ್ನು ಮೊದಲೇ ಆಡಿದ್ದರು. ಆದರೆ ಅವರಿಗೆಲ್ಲ ಅದು ಹತ್ತರಲ್ಲಿ ಒಂದು ಆಟ. ಡೌನ್ಸ್ ಕೈಯಲ್ಲಿ ಅದೇ ಇಡೀ ಪ್ರದರ್ಶನದ ಜೀವ ಆಯಿತು.

ಇದರ ಒಳಗುಟ್ಟು ಪುಸ್ತಕಗಳಲ್ಲಿ ನೂರು ವರ್ಷದಿಂದ ಬಯಲಾಗಿದೆ, ಹೇಳಿದರೆ ತಪ್ಪಿಲ್ಲ. ಟೋಪಿ ಹಿಡಿದ ಎಡಗೈಯಲ್ಲಿ ಮೊದಲೇ ನಾಣ್ಯಗಳ ಒಂದು ಅಟ್ಟಿ ಅಡಗಿರುತ್ತದೆ. ಬಲಗೈಯಲ್ಲಿ ಒಂದೇ ನಾಣ್ಯ. ಬಲಗೈ ಆ ನಾಣ್ಯವನ್ನು ಟೋಪಿಗೆ ಹಾಕಿದ ಹಾಗೆ ಮಾಡಿ ಹಿಂದಕ್ಕೆ ಅಡಗಿಸಿಕೊಳ್ಳುತ್ತದೆ. ಅದೇ ಗಳಿಗೆಗೆ ಎಡಗೈ ಒಂದನ್ನು ಬಿಡುತ್ತದೆ. ಬಿದ್ದದ್ದು ಇದೇ ಅಂತ ಕಿವಿ ಕಣ್ಣಿಗೆ ಸಾಕ್ಷಿ ಹೇಳುತ್ತದೆ. ಜನ ಇಪ್ಪತ್ತು ನಾಣ್ಯ ಹುಟ್ಟಿದ್ದು ಕಂಡೆವು ಅಂದುಕೊಳ್ತಾರೆ, ನಿಜವಾಗಿ ಒಂದೇ ನಾಣ್ಯವನ್ನು ಇಪ್ಪತ್ತು ಸಲ ನೋಡಿರ್ತಾರೆ.

ಗುಟ್ಟು ಇಷ್ಟೇನಾ ಅನ್ನಿಸಬಹುದು. ಇಷ್ಟೇ. ಗುಟ್ಟು ಗೊತ್ತಾದವರು ಮನೆಯಲ್ಲಿ ಒಂದು ಸ್ಟೀಲ್ ಡಬ್ಬ ಇಟ್ಟುಕೊಂಡು ಐದು ನಿಮಿಷ ಪ್ರಯತ್ನಿಸಿದರೆ ಸಾಕು, ರೈಲ್ವೆ ಸ್ಟೇಷನ್ನಿನ ಅಷ್ಟು ವರ್ಷದ ಬೆಲೆ ತಿಳಿಯುತ್ತದೆ.

ಲಂಡನ್ ಮತ್ತು ಪುಸ್ತಕ

1899ರಲ್ಲಿ ಲಂಡನ್ನಿನ ಪ್ಯಾಲೇಸ್ ಥಿಯೇಟರ್‌ನಿಂದ ಕರೆ ಬಂತು. ಅಲ್ಲಿ ಡೌನ್ಸ್ ಪ್ರದರ್ಶನ ತಿಂಗಳುಗಟ್ಟಲೆ ನಡೆಯಿತು. ಆಮೇಲೆ ಯುರೋಪಿನ ಬೇರೆ ನಗರಗಳು. ಮರುವರ್ಷ ಇಸ್ಪೀಟಿನ ಕೈಚಳಕದ ಹೋವರ್ಡ್ ಥರ್ಸ್ಟನ್ ಅದೇ ಪ್ಯಾಲೇಸ್‌ಗೆ ಬಂದರು, ಹೌಡಿನಿ ಕೂಡ ಲಂಡನ್ನಿಗೆ ಹಡಗು ಹತ್ತಿದರು. ಒಂದೇ ವಿದ್ಯೆ ಹಿಡಿದು ಹೋದವರಿಗೂ ದೊಡ್ಡ ರಂಗದಲ್ಲಿ ಜಾಗ ಇದೆ ಅಂತ ಮೊದಮೊದಲು ತೋರಿಸಿದವರಲ್ಲಿ ಡೌನ್ಸ್ ಒಬ್ಬರು.

ಹೆಸರು ಉಚ್ಛ್ರಾಯದಲ್ಲಿದ್ದಾಗಲೇ ಅವರು ಮಾಡಿದ ಇನ್ನೊಂದು ಕೆಲಸ ಹಲವರಿಗೆ ಆಶ್ಚರ್ಯ ತರಬಹುದು. 1900ರಲ್ಲಿ ಮಾಡರ್ನ್ ಕಾಯಿನ್ ಮ್ಯಾನಿಪ್ಯುಲೇಶನ್ ಅನ್ನುವ ಪುಸ್ತಕ ಹೊರಬಂತು. ಸಂಪಾದನೆಯಲ್ಲಿ ವಿಲಿಯಂ ಹಿಲಿಯರ್ ಕೈ ಇತ್ತು. ಯಾವ ಬೆರಳು ಎಲ್ಲಿರಬೇಕು, ನಾಣ್ಯ ಯಾವ ಸಂದಿಯಿಂದ ದಾಟಬೇಕು, ಎಲ್ಲವನ್ನೂ ಅದರಲ್ಲಿ ಬಿಡಿಸಿ ಇಟ್ಟಿದೆ. 1909ರಲ್ಲಿ ಜಾನ್ ನಾರ್ದರ್ನ್ ಹಿಲಿಯರ್ಡ್ ಸಂಪಾದಿಸಿದ ದಿ ಆರ್ಟ್ ಆಫ್ ಮ್ಯಾಜಿಕ್ ಅನ್ನುವ ಎರಡನೇ ಪುಸ್ತಕವೂ ಡೌನ್ಸ್ ಹೆಸರಲ್ಲಿ ಬಂತು.

ವ್ಯಾಪಾರದಲ್ಲಿ ಇರುವವರು ಕೇಳಬಹುದು, ಗುಟ್ಟೇ ಬಂಡವಾಳವಾದ ಕಸುಬಿನಲ್ಲಿ ಗುಟ್ಟನ್ನು ಪುಸ್ತಕದ ಬೆಲೆಗೆ ಮಾರಿದರೆ ಅಂಗಡಿ ಮುಚ್ಚಬೇಕಲ್ವಾ? ಹಾಗಾಗಲಿಲ್ಲ. ಪುಸ್ತಕ ಬಂದ ಮೇಲೂ ಡೌನ್ಸ್ ಹತ್ತು ವರ್ಷಕ್ಕೂ ಮೇಲೆ ಅದೇ ಆಟ ಆಡಿ ದುಡಿದರು. ಓದಿದವರು ನೂರಾರು, ಅವರ ಹಾಗೆ ಮಾಡಿದವರು ಬೆರಳೆಣಿಕೆ. ದೋಸೆ ಹಿಟ್ಟಿನ ಅಳತೆ ಎಲ್ಲರಿಗೂ ಗೊತ್ತು, ಆದರೂ ಜನ ಒಂದೇ ಹೋಟೆಲಿನ ಮುಂದೆ ಸಾಲು ನಿಲ್ಲೋದು ಯಾಕೆ? ಬಂಡವಾಳ ಇದ್ದದ್ದು ಗುಟ್ಟಿನಲ್ಲಲ್ಲ, ಕೈಯಲ್ಲಿ.

ಬೀದಿಯ ಕಷ್ಟವೇ ಬೇರೆ

ಡೌನ್ಸ್ ಆಡಿದ್ದು ರಂಗದ ಮೇಲೆ. ಜನ ಎದುರಿಗೆ, ಬೆಳಕು ಮೇಲಿಂದ, ಬೆನ್ನ ಹಿಂದೆ ಪರದೆ. ನಮ್ಮ ಬೀದಿಯ ಗಾರುಡಿಗನಿಗೆ ಜನ ಸುತ್ತಲೂ ಇರ್ತಾರೆ. ಹಿಂದೆ ನಿಂತ ಹುಡುಗನಿಗೆ ಬೆರಳ ಹಿಂದಿನ ನಾಣ್ಯ ಸೀದಾ ಕಾಣುತ್ತದೆ. ಹಾಗಾಗಿ ಡೌನ್ಸ್ ಅವರ ಕೈ ಹಿಂದಿನ ಹಿಡಿತ ಬೀದಿಗೆ ಬರಲ್ಲ. ಅಲ್ಲಿ ನಡೆಯೋದು ಅಂಗೈ ಹಿಡಿತ ಮತ್ತು ಬೆರಳ ಹಿಡಿತ ಮಾತ್ರ. ಬೀದಿಯಾಟದವರು ನೆಲದ ಮೇಲೆ ಕೂತು ಆಡೋದಕ್ಕೂ ಇದೇ ಕಾರಣ. ಕೂತಾಗ ಕೈಗಳು ಮೈಗೆ ಹತ್ತಿರ ಇರುತ್ತವೆ, ಮಡಿಲು ಮರೆಯಾಗುತ್ತದೆ, ನಿಂತವರ ಕಣ್ಣು ಮೇಲಿಂದ ಮಾತ್ರ ಬೀಳುತ್ತದೆ. ಪುಂಗಿ, ಡಮರುಗ, ಎಡಬಿಡದ ಮಾತು, ಎಲ್ಲವೂ ಕಣ್ಣನ್ನು ಬೇರೆ ಕಡೆ ಎಳೆಯಲು.

ಸಂಬಳದ ಲೆಕ್ಕವೂ ಬೇರೆ. ರಂಗದವರಿಗೆ ಟಿಕೆಟ್ ಮೊದಲು, ಆಟ ಆಮೇಲೆ. ಬೀದಿಯಲ್ಲಿ ಆಟ ಮೊದಲು, ದುಡ್ಡು ಕೊಡೋದೂ ಬಿಡೋದೂ ನೋಡಿದವರ ಮನಸ್ಸು. ಅದಕ್ಕೇ ಬೀದಿಯಾಟದವರು ಕೊನೆಯ ದೊಡ್ಡ ಆಟಕ್ಕೆ ಮುಂಚೆಯೇ ತಟ್ಟೆ ತಿರುಗಿಸೋದು. ಆಟ ಮುಗಿದ ಮೇಲೆ ಕೇಳಿದರೆ ಜನ ಕರಗಿಹೋಗ್ತಾರೆ.

ದಕ್ಷಿಣ ಭಾರತದ ಒಬ್ಬ ಕೈಚಳಕದ ಕಲಾವಿದ ಡೌನ್ಸ್‌ಗಿಂತ ಎಷ್ಟೋ ಮೊದಲೇ ಲಂಡನ್ ಮುಟ್ಟಿದ್ದೂ ಉಂಟು. ರಾಮಸ್ವಾಮಿ ಅನ್ನುವ ಹೆಸರು ಇಂಗ್ಲಿಷರ ಬಾಯಲ್ಲಿ ರಾಮೋ ಸಾಮಿ ಆಗಿತ್ತು. 19ನೇ ಶತಮಾನದ ಮೊದಲರ್ಧದಲ್ಲಿ ಬಟ್ಟಲು ಚೆಂಡಿನಾಟ, ಚೆಂಡುಗಳ ಎಸೆತ, ಕತ್ತಿ ನುಂಗುವುದು ಇವೆಲ್ಲದರಿಂದ ಅಲ್ಲಿ ಮನೆಮಾತಾಗಿದ್ದರು. 1850ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೂ ದುಡ್ಡಿರಲಿಲ್ಲ. ಹೆಂಡತಿ ಪತ್ರಿಕೆಯ ಮೂಲಕ ನೆರವು ಕೇಳಬೇಕಾಯಿತು. ಅವರು ಹೇಗೆ ಕಲಿತರು, ಬೆರಳು ಹೇಗೆ ಇಡುತ್ತಿದ್ದರು ಅನ್ನೋದನ್ನು ಅವರ ಹೆಸರಲ್ಲಿ ಬರೆದಿಟ್ಟ ಪುಸ್ತಕ ಇಲ್ಲ. ಕೈಯ ಮಟ್ಟದಲ್ಲಿ ಇಬ್ಬರಿಗೂ ಕೊರತೆ ಇರಲಿಲ್ಲ. ಡೌನ್ಸ್‌ಗೆ ಕಲಿಯುವಾಗ ರೈಲ್ವೆಯ ಸಂಬಳ ಇತ್ತು, ಕಲಿತ ಮೇಲೆ ಕರಾರು ಪತ್ರ ಇತ್ತು, ಹೇಳಿದ್ದನ್ನು ಅಚ್ಚು ಹಾಕುವವರಿದ್ದರು. ಒಬ್ಬರ ವಿದ್ಯೆ ಉಳಿದದ್ದು, ಇನ್ನೊಬ್ಬರದು ಹೋದದ್ದು ಅಲ್ಲಿ.

ಅಂಗಡಿಯವರಿಗೆ ಗೊತ್ತಿರಬೇಕಾದ್ದು

ನಾಣ್ಯ ಬಚ್ಚಿಡುವ ಕೈಗೆ ಎರಡು ದಾರಿ ಇದೆ. ಒಂದು ಆಟ, ಇನ್ನೊಂದು ಮೋಸ. ಹೆದ್ದಾರಿ ಬದಿಯ ಅಂಗಡಿಯವರಿಗೆ ಎರಡನೆಯದರ ಪರಿಚಯ ಇದ್ದೇ ಇರುತ್ತದೆ. ಚಿಲ್ಲರೆ ತಗೊಂಡು, ಒಂದು ನೋಟು ಬದಲಿಸಿ, ಮತ್ತೆ ವಾಪಸ್ ಕೊಟ್ಟು, ಕೊನೆಗೆ ಲೆಕ್ಕ ತಪ್ಪಿಸಿ ಹೋಗುವವರು ಬಳಸೋದೂ ಇದೇ ಬೆರಳ ಹಿಡಿತ, ಇದೇ ಮಾತಿನ ಭರಾಟೆ. ಇದಕ್ಕೆ ಸುಲಭದ ಮದ್ದು ಇದೆ. ಕೊಟ್ಟ ದುಡ್ಡು ಗಲ್ಲಾಪೆಟ್ಟಿಗೆಗೆ ಹಾಕದೆ ವ್ಯವಹಾರ ಮುಗಿಯೋ ತನಕ ಎದುರಿಗೇ ಇಡಬೇಕು. ಚಿಲ್ಲರೆಯನ್ನು ಕೈಗೆ ಕೊಡದೆ ಕೌಂಟರ್ ಮೇಲೆ ಎಣಿಸಿ ಇಡಬೇಕು. ಒಂದು ಲೆಕ್ಕ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಬಾರದು.

ಜಾದೂಗಾರ ಮೊದಲೇ ಮೋಸ ಮಾಡ್ತೀನಿ ಅಂತ ಹೇಳಿ ಮಾಡ್ತಾನೆ, ನೋಡಿದವರ ಜೇಬು ಹಗುರಾಗಲ್ಲ. ಡೌನ್ಸ್ ದುಡಿದದ್ದು ಟಿಕೆಟ್ಟಿನ ದುಡ್ಡಿನಿಂದ. ಈ ಗೆರೆ ದಾಟದೆ ಇದ್ದದ್ದಕ್ಕೇ ಅದು ಕಲೆ ಅನ್ನಿಸಿಕೊಂಡಿತು.

ಮತ್ತೆ ಊರಿಗೆ

1912ರ ಹೊತ್ತಿಗೆ ಡೌನ್ಸ್ ರಂಗ ಬಿಟ್ಟು ಮಾರ್ಷಲ್‌ಟೌನ್‌ಗೆ ವಾಪಸ್ ಬಂದರು. ಹೆಸರು ಮಾಡಿದವರು ಊರು ಮರೆಯೋದೇ ಹೆಚ್ಚು. ಇವರು ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ಮನೆ ಮಾಡಲಿಲ್ಲ. ದೂರದೂರದ ಜಾದೂಗಾರರು ಇವರಿಗೆ ಕಾಗದ ಬರೆಯುತ್ತಿದ್ದರು, ಇವರೂ ಉದ್ದುದ್ದ ಉತ್ತರ ಬರೆಯುತ್ತಿದ್ದರು. ಆ ಪತ್ರಗಳಿಗೆ ಇವತ್ತಿಗೂ ಆ ಕ್ಷೇತ್ರದಲ್ಲಿ ಬೆಲೆ ಇದೆ.

ಅಷ್ಟರಲ್ಲಿ ಸಿನಿಮಾ ಬಂತು, ರೇಡಿಯೋ ಬಂತು. 1930ರ ದಶಕದಲ್ಲಿ ವಾಡೆವಿಲ್ ರಂಗ ಮುಚ್ಚಿಕೊಳ್ಳುತ್ತಾ ಬಂತು. ಇವರನ್ನು ಬೆಳೆಸಿದ ರಂಗವೇ ಇಲ್ಲವಾಗುವುದನ್ನು ನೋಡಿಯೇ 1938ರ ಸೆಪ್ಟೆಂಬರ್‌ನಲ್ಲಿ ಡೌನ್ಸ್ ತೀರಿಕೊಂಡರು. ವಯಸ್ಸು 71.

ಆದರೆ ಆಟ ಸಾಯಲಿಲ್ಲ. ಅದನ್ನು ಉಳಿಸಿದವರಲ್ಲಿ ಒಬ್ಬರು ಆಲ್ ಫ್ಲಾಸೊ. ನ್ಯೂಯಾರ್ಕ್ ಸಮುದ್ರ ತೀರದ ಕೋನಿ ಐಲ್ಯಾಂಡ್ ಅಂದ್ರೆ ನಮ್ಮ ಜಾತ್ರೆಯಂಥ ಜಾಗ. ಅಲ್ಲಿನ ಆಟಗಳಲ್ಲಿ ಪಳಗಿದ ಫ್ಲಾಸೊ ಅದೇ ಜಿಪುಣನ ಕನಸನ್ನು ಒಬ್ಬ ಹುಡುಗನನ್ನು ನಿಲ್ಲಿಸಿಕೊಂಡು ಅವನ ಮೂಗು, ಕಿವಿಯಿಂದ ನಾಣ್ಯ ಉದುರಿಸಿ ಆಡುತ್ತಿದ್ದರು. ನಮ್ಮ ಗಾರುಡಿಗ ಮಾಡುತ್ತಿದ್ದ ಅದೇ ತಮಾಷೆ! 1952ರಲ್ಲಿ ಬಂದ ಜೆ. ಬಿ. ಬೋಬೊ ಅವರ ಮಾಡರ್ನ್ ಕಾಯಿನ್ ಮ್ಯಾಜಿಕ್ ಇವತ್ತಿಗೂ ಕಲಿಯುವವರ ಪಠ್ಯಪುಸ್ತಕ. ಅದರಲ್ಲೂ ಡೌನ್ಸ್ ಹಾಕಿದ ದಾರಿ ಇದೆ.

ಹತ್ತು ರೂಪಾಯಿ ಸಾಕು

ಈಗ ಕಲಿಯಬೇಕು ಅನ್ನುವ ಹುಡುಗ್ರಿಗೆ ಬೆಳ್ಳಿ ಅರ್ಧ ಡಾಲರ್ ಬೇಕಾಗಿಲ್ಲ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ, ಏಳೂಮುಕ್ಕಾಲು ಗ್ರಾಂ ಆಸುಪಾಸು ತೂಕ. ಡೌನ್ಸ್ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದು, ಹಗುರ. ಆದರೆ ಅಂಗೈ ಹಿಡಿತಕ್ಕೆ ಸಾಲುತ್ತದೆ. ಒಂದು ರೂಪಾಯಿಯ ಚಿಕ್ಕ ಸ್ಟೀಲ್ ನಾಣ್ಯದಲ್ಲಿ ಶುರು ಮಾಡಿದರೆ ಜಾರಿ ಜಾರಿ ಬೇಜಾರಾಗುತ್ತದೆ. ಕೆಲವು ಕಡೆ ಅಂಗಡಿಯವರು ಹತ್ತರ ನಾಣ್ಯ ತಗೊಳ್ಳೋಕೆ ಹಿಂದೆಮುಂದೆ ನೋಡಿದ್ದುಂಟು. 14 ವಿನ್ಯಾಸದ ಹತ್ತರ ನಾಣ್ಯಗಳೂ ಚಲಾವಣೆಗೆ ಸಿಂಧು ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ.

ಕಲಿಯುವ ಕ್ರಮವೂ ಹಳೆಯದೇ. ಮೊದಲು ಒಂದೇ ನಾಣ್ಯ, ಒಂದೇ ಹಿಡಿತ, ಒಂದು ಕನ್ನಡಿ. ನಿಜವಾಗಿ ನಾಣ್ಯ ಒಂದು ಕೈಯಿಂದ ಇನ್ನೊಂದಕ್ಕೆ ಹಾಕುವಾಗ ಕೈ ಹೇಗೆ ಹೋಗುತ್ತದೆ ಅಂತ ಹತ್ತು ಸಲ ನೋಡಬೇಕು. ಆಮೇಲೆ ಹಾಕದೆಯೂ ಹಾಗೇ ಹೋಗುವಂತೆ ಮಾಡಬೇಕು. ಕಣ್ಣು ಖಾಲಿ ಕೈಯನ್ನು ನೋಡಬೇಕು, ನಾಣ್ಯ ಇರುವ ಕೈಯನ್ನಲ್ಲ. ನೋಡುವವರ ಕಣ್ಣು ಆಡುವವನ ಕಣ್ಣಿನ ಹಿಂದೆಯೇ ಹೋಗುತ್ತದೆ. ಬೀದಿಗೆ ಇಳಿಯುವವರು ನಾಲ್ಕೂ ಕಡೆ ಮನೆಮಂದಿಯನ್ನು ಕೂರಿಸಿಕೊಂಡು ಮೊದಲೇ ಪರೀಕ್ಷೆ ಮಾಡಿಕೊಳ್ಳೋದು ಒಳ್ಳೆಯದು.

ಅಂಗಡಿಗಳಲ್ಲೆಲ್ಲ ಸ್ಕ್ಯಾನ್ ಮಾಡಿ ದುಡ್ಡು ಕೊಡುವ ಕಾಲ ಇದು. ಜೇಬಿನಲ್ಲಿ ನಾಣ್ಯ ಇಲ್ಲದ ಜನ ತಟ್ಟೆಗೆ ಏನು ಹಾಕ್ತಾರೆ ಅನ್ನೋದು ಬೀದಿಯಾಟದವರ ಹೊಸ ಕಷ್ಟ. ಮುಂದೆ ಯಾವುದಾದರೂ ಸಂತೆಯಲ್ಲಿ ಟವೆಲ್ ಹಾಸಿ ಕೂತ ಕೈಚಳಕದವರು ಕಂಡರೆ ಎರಡು ನಿಮಿಷ ನಿಂತು ನೋಡಿ, ಒಂದು ನಾಣ್ಯ ಹಾಕಿ ಹೋಗಬಹುದು. ಡೌನ್ಸ್‌ಗೆ ಕಲಿಯುವ ಹೊತ್ತಿನಲ್ಲಿ ರೈಲ್ವೆ ಸಂಬಳ ಕೊಟ್ಟಿತ್ತು. ಇವರಿಗೆ ಕೊಡುವವರು ನಿಂತು ನೋಡಿದವರು ಮಾತ್ರ.